ಮೂರನೆಯ ಚುಕ್ಕಿ

ಓಲೊಮೌಟ್ಸ್‌ನ ಅಂಧರ ಶಾಲೆ. ಬ್ರೈಲ್ ಪಟ್ಟಿಯ ಮೇಲೆ
ವೀತೆಕ್ ಟೀಚರಮ್ಮನ ಹೆಸರು ಸವರುತ್ತಾನೆ:
ಲೀದಾ ಅಲ್ಲ, ಬೀದಾ.
ಅವರ ಚೆಕ್ ಮಾತಲ್ಲಿ ದಾರಿದ್ರ್ಯ.

ಮೊದಲ ಮನೆಯ ಮೂರನೆಯ ಚುಕ್ಕಿ
ಸ್ವಿಚ್ ಒತ್ತಿದಾಗ ಏಳುತ್ತದೆ,
ಅಕ್ಷರ ಬಂದಾಗ ಮಲಗಿಬಿಡುತ್ತದೆ.

ಡ್ರೈವರ್ ಅಂಗೈಯಷ್ಟು ಬಯಲು;
ಯಾರು ಬೇಕಾದರೂ ಓದಿ, ತಿದ್ದಿ,
ಹಂಚಿದರೆ ತಿದ್ದಿದ್ದನ್ನೂ ಕೊಡಬೇಕು.
ಓದಿದಳು. ತಪ್ಪು ಅಲ್ಲಿಲ್ಲ.

ಕೆಳಗೆ ಫರ್ಮ್‌ವೇರ್:
ಹೊತ್ತೊಯ್ಯಬಹುದು, ಬಿಚ್ಚುವಂತಿಲ್ಲ.
ಅರಗಿನ ಮುದ್ರೆ ಒತ್ತಿದ ಕಂಪನಿ ಮುಳುಗಿ ಆರು ವರ್ಷ,
ಅರಗು ಇನ್ನೂ ಗಟ್ಟಿ.

ನಸುಕಿಗೆ ಡ್ರೈವರಿಗೇ ಒಂದು ಸಾಲು ಸೇರಿಸಿದಳು:
ಮೊದಲ ಮನೆ ಬಿಟ್ಟು, ಎರಡರಿಂದ ಬರೆ.

ಈಗ ಹೆಸರು ಸರಿ.
ಆದರೂ ವೀತೆಕನ ಬೆರಳು
ಆ ಖಾಲಿ ಮನೆಯ ಮುಂದೆ ಗಳಿಗೆ ನಿಲ್ಲುತ್ತದೆ,
ಒಳಗೆ ಯಾರಾದರೂ ಇದ್ದಾರಾ ಎಂಬಂತೆ.