ಹಳೇ ರೇಟು

ಡ್ಯಾಮಿನ ಗೇಟು ಎಷ್ಟು ಎತ್ತಿದರೆಂದು
ಕಂಪ್ಲಿಗೆ ಮೊದಲು ಹೇಳುವುದು ಸೇತುವೆಯ ಕಂಬಿ.
ಕಂಬಿ ಕಾಣುವ ತನಕ ಗಂಗಾವತಿಗೆ ಬಸ್ಸು,
ಮುಳುಗಿದರೆ ನಮ್ಮೂರೇ ಕೊನೆಯ ಸ್ಟಾಪು.
ಆವತ್ತು ಬೆಳಗ್ಗೆ ಆರಕ್ಕೆ ಕಂಬಿ ಇರಲಿಲ್ಲ.
ಕೋಟೆಯ ಮನೆಗಳೊಳಗೆ ಹೊಳೆ
ಚಪ್ಪಲಿ ಬಿಡದೆ ಬಂದಿತ್ತು.

ನನ್ನದು ಹಗ್ಗ, ತಾಡಪತ್ರಿ, ಗೋಣಿಚೀಲದ ಅಂಗಡಿ.
ನೀಲಿ ತಾಡಪತ್ರಿ, ಹನ್ನೆರಡಕ್ಕೆ ಹದಿನೈದಡಿ,
ಮೂವತ್ತೊಂದು ಇದ್ದವು.
ಒಂದಕ್ಕೆ ನಾನೂರು. ಬೇಸಿಗೆಯಲ್ಲೂ ನಾನೂರು.
ಎದುರಂಗಡಿಯ ಎರ್ರಿಸ್ವಾಮಿ ಶಟರ್ ಎತ್ತಿ,
ಬಾಯಲ್ಲಿ ಬ್ರಷ್ಷು ಇದ್ದಂತೆಯೇ, ಒಂಬೈನೂರು ಅಂದ.
ಉಗುಳಿ ಬಂದು
ಸಾವಿರದ ಇನ್ನೂರು ಅಂದ.

ನಾನು ಸ್ಲೇಟು ಒರೆಸಿ
'ಹಳೇ ರೇಟು' ಎಂದು ದಪ್ಪಗೆ ಬರೆದೆ.
ನಿಜ ಹೇಳುತ್ತೇನೆ, ಅವನಿಗೆ ಕಾಣಲೆಂದೇ ಬರೆದೆ.
ಅಪ್ಪನ ಮಾತು ನಾಲಗೆಯ ತುದಿಯಲ್ಲಿತ್ತು:
ಹೊಳೆ ಏರಿದಾಗ ಧಾರಣೆ ಏರಬಾರದು, ಹುಸೇನಪ್ಪಾ.

ಎಂಟಕ್ಕೆ ರೈಸ್ ಮಿಲ್ಲಿನ ಗುಮಾಸ್ತ ಟಂಟಂ ತಂದು ನಿಲ್ಲಿಸಿದ.
ದೇವರಂಥ ಮನುಷ್ಯ ನೀನು, ಅಂದ.
ಭತ್ತದ ಚೀಲ ನೆನೆಯುತ್ತಿವೆ, ಅಂದ.
ಎಷ್ಟು ಬೇಕು?
ಇದ್ದಷ್ಟೂ.
ಹನ್ನೆರಡು ಸಾವಿರದ ನಾನೂರು,
ಬೆರಳಿಗೆ ಎಂಜಲು ಹಚ್ಚಿ ಎಣಿಸಿಕೊಂಡೆ,
ಒಂದು ರೂಪಾಯಿ ಹೆಚ್ಚಿಗೆ ಇಲ್ಲ.
ದೇವರಂಥ ಅನ್ನುವುದನ್ನೂ ಅದರ ಜೊತೆ ಗಲ್ಲೆಗೆ ಹಾಕಿದೆ.
ಎಂಟೂಕಾಲಿಗೆ ಅಂಗಡಿಯಲ್ಲಿ ಹಗ್ಗವಿತ್ತು, ಚೀಲವಿತ್ತು,
ಸ್ಲೇಟಿತ್ತು.

ಹನ್ನೊಂದಕ್ಕೆ ಹುಲಿಗೆಮ್ಮ ಬಂದಳು, ಕೋಟೆಯ ಅಂಬಿಗರಾಕೆ,
ಮೊಳಕಾಲ ತನಕ ಕೆಸರು.
ಶಾಲೆಯ ಕೋಣೆಗಳೆಲ್ಲ ತುಂಬಿ
ಹೊರಗೆ ಬೇವಿನ ಬುಡದಲ್ಲಿ ಅವಳ ಅತ್ತೆ, ಎರಡು ಆಡು,
ಮೂರು ತಿಂಗಳ ಮೊಮ್ಮಗ.
ಓದು ಬಾರದವಳು. ಸ್ಲೇಟನ್ನು ಯಾರೋ ಓದಿ ಹೇಳಿದ್ದರು.
ಸೆರಗಿನ ಗಂಟಿನಲ್ಲಿ ಸರಿಯಾಗಿ ನಾನೂರು.
ಖಾಲಿ ಕಪಾಟು ತೋರಿಸಿದೆ.
ಅವಳು ಕಪಾಟು ನೋಡಲಿಲ್ಲ,
ಸ್ಲೇಟು ನೋಡಿದಳು.

ಎರ್ರಿಸ್ವಾಮಿಯಲ್ಲಿ ಇನ್ನೂ ಒಂಬತ್ತು ಇದ್ದವು.
ಅವನ ಕಪಾಟಿಗೆ ಅವನ ಬೆಲೆಯೇ ಬೀಗ.
ಅವಳು ರಸ್ತೆ ದಾಟಿದಳು, ಏನೋ ಮಾತಾಡಿದಳು,
ಶಾಲೆಗೆ ಹೋಗಿ ತಿರುಗಿ ಬಂದಳು.
ಮುಷ್ಟಿಯಲ್ಲಿ ಮೊಮ್ಮಗನ ಬೆಳ್ಳಿ ಉಡಿದಾರ.
ಅವನು ತೂಗಲಿಲ್ಲ, ಅಂಗೈಯಲ್ಲಿ ಎರಡು ಸಲ ಹಾರಿಸಿದ, ಅಷ್ಟೆ.

ಆಮೇಲೆ ನನ್ನಲ್ಲಿಗೇ ಬಂದಳು, ಕಟ್ಟಲು ಹಗ್ಗಕ್ಕೆ.
ಮೂರು ಮಾರು ಅಳೆದು ಕೊಟ್ಟೆ.
ದುಡ್ಡು ಬೇಡ ಅಂದೆ.
ಬರಕೊಳ್ರಿ, ಅಂದಳು.

ರಾತ್ರಿ ಕರೆಂಟಿಲ್ಲದ ರಸ್ತೆಯಲ್ಲಿ
ಎರ್ರಿಸ್ವಾಮಿ ಎರಡು ಗ್ಲಾಸು ಚಹಾ ಹಿಡಿದು ಬಂದ.
ನಾನು ಏರಿಸದಿದ್ದರೆ, ಅಂದ,
ಅವಳಿಗೆ ಅದೂ ಸಿಗುತ್ತಿರಲಿಲ್ಲ.
ನೀನು ಏರಿಸಿದ್ದಕ್ಕೆ ಕೂಸಿನ ನಡು ಬರಿದಾಯಿತು, ಅಂದೆ.
ಇಬ್ಬರೂ ಸುಳ್ಳು ಹೇಳಿರಲಿಲ್ಲ.
ಚಹಾ ಆರಿತು. ಹೊಳೆಯ ಸದ್ದಿತ್ತು.
ಅವನಿಗೆ ನಿದ್ದೆ ಬಂತೋ ಏನೋ, ಕೇಳಲಿಲ್ಲ.

ನೀರಿಳಿದ ಮೂರನೆಯ ದಿನ ಮಿಲ್ಲಿನ ಮುಂದೆ ಹಾದುಹೋದೆ.
ಚೀಲಗಳ ಮೇಲೆ ನನ್ನ ನೀಲಿ ಹತ್ತೊಂಬತ್ತು.
ಉಳಿದ ಹನ್ನೆರಡು ಮಡಿಕೆ ಬಿಚ್ಚಿರಲಿಲ್ಲ.
ಅವುಗಳ ಮೇಲೆ ಗುಮಾಸ್ತ ಮಲಗಿದ್ದ,
ಬಾಯಿ ತೆರೆದು, ಎದೆಯ ಮೇಲೆ ಕೈಯಿಟ್ಟು.
ನಾನು ಅವನನ್ನು ಎಬ್ಬಿಸಬಹುದಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ
ಹುಲಿಗೆಮ್ಮ ಬಂದು ಗಂಟು ಬಿಚ್ಚಿದಳು,
ಮೀನಿನ ವಾಸನೆಯ ಚಿಲ್ಲರೆ.
ಮೂರು ಮಾರಿಗೆ ಎಷ್ಟಾಯ್ತು?
ಇಪ್ಪತ್ನಾಲ್ಕು, ಅಂದೆ.
ಎಣಿಸಿಟ್ಟಳು. ಒಂದು ನಾಣ್ಯದ ಮೇಲೆ ಬೆರಳಿಟ್ಟು ತಡೆದು
ಮುಖ ಎತ್ತಿ ಕೇಳಿದಳು,
ಕುಹಕವಿಲ್ಲ, ಲೆಕ್ಕಕ್ಕಾಗಿ:
ಇದು ಹಳೇ ರೇಟೇ ಅಲ್ಲೇನ್ರಿ?