ಹೆಣ ತೊಳೆಯುವ ಔದಿಯಾರ್ದಾ, ಬಿಷಪ್ಪನ ಗುಮಾಸ್ತನಿಗೆ

ಬರೆದುಕೊಳ್ಳಿ. ಮಸಿ ಹೆಪ್ಪುಗಟ್ಟಿದ್ದರೆ
ದೀಪದ ಹತ್ತಿರ ಹಿಡಿಯಿರಿ. ಈ ಊರಲ್ಲಿ
ಈಸ್ಟರ್ ಬರುವವರೆಗೂ ಎಲ್ಲವೂ ಗಟ್ಟಿಯೇ:
ನದಿಯ ಅಂಚು, ರೊಟ್ಟಿ, ಬಾಯಿ.

ಮೂವತ್ತೊಂದು ಚಳಿಗಾಲ ಈ ಕೈಗಳು
ಅಲಿಯೇ ನದಿಯ ನೀರು ಕಾಯಿಸಿ
ಸತ್ತವರನ್ನು ಮೀಯಿಸಿವೆ.
ಮೊದಲ ದಿನ ಸೂಲಗಿತ್ತಿ ಕಂಡದ್ದನ್ನು
ಕೊನೆಯ ದಿನ ನಾನು ಕಾಣುತ್ತೇನೆ.
ನಡುವಿನದು ಪಾದ್ರಿಗೆ ಬಿಟ್ಟದ್ದು.

ಸಂತ ಔರೆಲಿಯ ಬೆರಳಿನ ವಿಷಯ ತಾನೇ ಕೇಳಿದ್ದು?
ಬೆಳ್ಳಿಯ ಡಬ್ಬಿ, ಹರಳಿನ ಕಿಟಕಿ,
ಒಳಗೆ ಕೆಂಪು ರೇಷ್ಮೆಯ ಮೇಲೆ ಮಲಗಿದ ಮೂಳೆ.
ಪವಿತ್ರ ನಾಡಿನಿಂದ ತಂದೆನೆಂದ ಉಪ್ಪಿನ ವ್ಯಾಪಾರಿ ಉಕ್.
ತಂದ ಎಂಟನೆಯ ದಿನ
ದೋಣಿಗಟ್ಟೆಯ ಜೊಂಡಿನಲ್ಲಿ ಸಿಕ್ಕಿಕೊಂಡಿದ್ದ.
ಊರು ಮೂಗಿನ ಮೇಲೆ ಬೆರಳಿಟ್ಟು
ಬೆರಳಿನದೇ ಶಾಪ ಎಂದಿತು.

ಮುಳುಗಿದವನ ಹೊಟ್ಟೆಯಲ್ಲಿ ನೀರಿರುತ್ತದೆ, ಅಯ್ಯಾ.
ಇವನ ಹೊಟ್ಟೆ ಒತ್ತಿದೆ, ಬರೀ ದ್ರಾಕ್ಷಾರಸ.
ಕಿವಿಯ ಹಿಂದೆ, ಕೂದಲೊಳಗೆ,
ಹುಟ್ಟಿನ ಅಲಗಿನಷ್ಟೇ ಅಗಲದ ತಗ್ಗು.
ಅವನ ತಮ್ಮನ ದೋಣಿಗೆ ಆ ವಾರ ಹೊಸ ಹುಟ್ಟು.
ನಾನು ಕೂದಲು ಬಾಚಿ ತಗ್ಗು ಮುಚ್ಚಿದೆ.

ಆಮೇಲೆ ಹನ್ನೆರಡು ವರ್ಷ ಡಬ್ಬಿ ಮಠದ ನೆಲಮಾಳಿಗೆಯಲ್ಲಿ.
ಮಕ್ಕಳಾಗದವರು ಬಂದರು, ಹಲ್ಲುನೋವಿನವರು ಬಂದರು,
ಮೇಣದಬತ್ತಿಯ ಕಾಸು ಬಂತು.
ಲೆಕ್ಕ ಬರೆಯುತ್ತಿದ್ದ ಸನ್ಯಾಸಿ ಎಸ್ತೇವ್
ಒಂದು ಬೆಳಗ್ಗೆ ಗಂಟೆಯ ಹಗ್ಗದಡಿ ಬಿದ್ದಿದ್ದ,
ತೊಡೆಯ ಮೇಲೆ ಬಾಯ್ದೆರೆದ ಡಬ್ಬಿ.
ಮತ್ತೆ ಶಾಪ. ಮೂರು ದಿನ ಉಪವಾಸ, ಬರಿಗಾಲ ಮೆರವಣಿಗೆ.

ಅವನ ಒಳಂಗಿಯಲ್ಲಿ, ಚರ್ಮಕ್ಕೆ ಅಂಟಿಕೊಂಡು,
ಲೆಕ್ಕದ ಪುಸ್ತಕದಿಂದ ಹರಿದ ಒಂದು ಹಾಳೆ.
ನನಗೆ ಓದು ಬಾರದು.
ಮಠಾಧಿಪತಿ ಕೈ ಚಾಚಿದ ರೀತಿ ಮಾತ್ರ
ಓದಲು ಬಂತು. ಕೊಟ್ಟೆ.
ಸಂಜೆಗೆ ಬಾಗಿಲಲ್ಲಿ ಒಂದು ಮೂಟೆ ಗೋಧಿ.
ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ ಅನ್ನುತ್ತಾರಲ್ಲ,
ನುಂಗಿಸಿಕೊಂಡವಳು ಉಂಡದ್ದೂ ಉಂಟು.

ಮೂರನೆಯವನು. ನೀವು ಮಂಜಿನಲ್ಲಿ
ಹೇಸರಗತ್ತೆ ಏರಿ ಬಂದದ್ದು ಅವನಿಗಾಗಿ.
ಗೌಸೆಲ್ಮ್. ತೊಗಲು ಹದ ಮಾಡುವವನು. ನನ್ನ ಗಂಡ.
ಮಗಳ ತೋಳು ತಾನು ಮುರಿಯಲಿಲ್ಲವೆಂದು
ಊರೆದುರು ಡಬ್ಬಿ ಮುಟ್ಟಿ ಆಣೆಯಿಟ್ಟ.
ಮನೆಗೆ ಬಂದ. ಗಂಜಿ ಕುಡಿದ,
ಉಪ್ಪು ಸಾಲದೆಂದ, ಇನ್ನೂ ಬಡಿಸೆಂದ.
ಕೋಳಿ ಕೂಗುವುದಕ್ಕೆ ಮುಂಚೆ ಮುಗಿದಿತ್ತು.
ಸುಳ್ಳಾಣೆಗೆ ಔರೆಲಿ ಬಿಡಲಿಲ್ಲ ನೋಡಿ ಎಂದರು
ನೆರೆಯವರು, ನನ್ನ ಕಣ್ಣು ನೋಡದೆ.
ಅವನನ್ನೂ ನಾನೇ ತೊಳೆದೆ.
ಮೈಯನ್ನು ಒಂದು ಸಲ, ಬಾಯನ್ನು ಮೂರು ಸಲ.
ಗಂಜಿಯ ಮಡಕೆಯನ್ನು ಎಷ್ಟು ಸಲವೆಂದು
ನೀವಿನ್ನೂ ಕೇಳಿಲ್ಲ.

ಇನ್ನೊಂದು ಮಾತು. ಬರೆಯಿರಿ, ಬಿಡಿ.
ಒಂದು ಹಬ್ಬದ ಮುನ್ನಾದಿನ, ರೇಷ್ಮೆ ಬದಲಿಸಬೇಕೆಂದು
ಆ ಮೂಳೆಯನ್ನು ನನ್ನ ಅಂಗೈಗೆ ಹಾಕಿದರು.
ಸತ್ತವರ ಕೈ ಹಿಡಿದೇ ಬಾಳಿದವಳು ನಾನು.
ಔರೆಲಿ ತೊಂಬತ್ತು ವರ್ಷ ಬದುಕಿದಳೆಂದು
ಪಾದ್ರಿ ವರ್ಷಕ್ಕೊಮ್ಮೆ ಓದಿ ಹೇಳುತ್ತಾರೆ.
ಇದು ಆರೇಳರ ಕೂಸಿನದು.
ಗಿಣ್ಣು ಇನ್ನೂ ಕೂಡಿಕೊಂಡಿರಲಿಲ್ಲ.
ಬುಡದಲ್ಲಿ ಅಲಗಿನ ಗೀರು, ಎರಡು;
ಮೊದಲನೆಯದಕ್ಕೆ ಕೈ ನಡುಗಿರಬೇಕು.

ಕೊಂದವರು ಯಾರೆಂದು
ಇಪ್ಪತ್ತು ವರ್ಷ ಕೇಳಿದರು ಎಲ್ಲರೂ.
ಬೆರಳು ಯಾರದೆಂದು ಒಬ್ಬರೂ ಕೇಳಲಿಲ್ಲ, ನಾನೂ.
ಯಾವ ಬಂದರಿನಲ್ಲೋ, ಯಾವ ಗಾಡಿಯ ಹಿಂದೋ...
ಅದಕ್ಕೆ ನೀರು ಕಾಯಿಸಿದರೋ ಇಲ್ಲವೋ.

ತನ್ನಿ ಇತ್ತ. ಹೆಸರು ಬರೆಯಲು ಬಾರದು,
ಶಿಲುಬೆ ಗೀರುತ್ತೇನೆ.
ಗೆರೆ ಸೊಟ್ಟಗಾದರೆ
ಚಳಿಗೆಂದು ಬರೆದುಕೊಳ್ಳಿ.