ಜೂನ್ ಒಂದು

ಡಿಪೋದ ಕಂಪ್ಯೂಟರಿಗೆ ತಾರೀಕೆಂದರೆ ತಾರೀಕಲ್ಲ,
ಬರೀ ಅಂಕಿ.
ಸಾವಿರದ ಒಂಬೈನೂರರ ಜನವರಿ ಒಂದನ್ನು ಒಂದು ಎಂದುಕೊಂಡು
ಅಲ್ಲಿಂದ ಎಣಿಸುತ್ತ ಬಂದಿದೆ, ನಿದ್ದೆಗೆಟ್ಟವರ ಹಾಗೆ.
ಸೆಲ್ಲಿನ ಫಾರ್ಮ್ಯಾಟ್ ತಪ್ಪಿದರೆ
ಡ್ರೈವರ್ ಹುಚ್ಚರಾಯಪ್ಪ ಹುಟ್ಟಿದ್ದು
೨೪೨೫೯ರಲ್ಲಿ.

ಸರಿಪಡಿಸಿದೆ. ಜೂನ್ ಒಂದು, ಅರವತ್ತಾರು.
ಅವರ ಕೆಳಗೆ ಬಸವಣ್ಯಪ್ಪ, ಜೂನ್ ಒಂದು.
ನಜೀರ್ ಸಾಬ್, ಜೂನ್ ಒಂದು.
ಟೈರ್ ಸೆಕ್ಷನ್ನಿನ ಫೆಲಿಕ್ಸ್, ಜೂನ್ ಒಂದು.
ಜಿಲ್ಲೆಯ ಅರ್ಧ ಗಂಡಸರನ್ನು ಒಂದೇ ದಿನ ಹೆತ್ತವರು
ಶಾಲೆ ಶುರುವಾದ ವಾರ
ದಾಖಲಾತಿ ಪುಸ್ತಕ ತೆರೆದು ಕೂತ ಹೆಡ್‌ಮೇಷ್ಟ್ರುಗಳು.

ಇಡೇಟ್ ಹಾಕಿದೆ, ಏಳುನೂರ ಇಪ್ಪತ್ತು ತಿಂಗಳು ಮುಂದಕ್ಕೆ.
ಒಂದನೇ ತಾರೀಕು ಹುಟ್ಟಿದವರಿಗೆ ಒಂದು ಕಳೆಯಬೇಕು, ರೂಲು ಹಾಗಿದೆ,
ಹಿಂದಿನ ತಿಂಗಳ ಕೊನೆಗೇ ಮನೆಗೆ.
ಮೇ ಮೂವತ್ತೊಂದು.

ಕಿಟಕಿಗೆ ಮೊಣಕೈ ಊರಿ ಅವರೆಂದರು:
“ಮೇಡಮ್ಮೋರೆ, ನಮ್ಮವ್ವ ಹೇಳ್ತಿದ್ಲು,
ಆರಿದ್ರೆ ಮಳೆ ಹಿಡಿದಿತ್ತಂತೆ, ಸೋಮವಾರ,
ಸೂಲಗಿತ್ತಿ ಹೊಳೆ ಆಚೆ ದಡದಲ್ಲೇ ಉಳಿದ್ಲಂತೆ.
ನಿಮ್ಮ ಮಿಷನ್ನಿಗೆ ಮಳೆ ಗೊತ್ತಾಗ್ತದಾ?”

ಮಳೆ ಗೊತ್ತಾಗುವುದಿಲ್ಲ. ವಾರ ಗೊತ್ತಾಗುತ್ತದೆ.
ಖಾಲಿ ಸೆಲ್ಲಿನಲ್ಲಿ ಕೇಳಿದೆ. ಆ ಜೂನ್ ಒಂದು ಬುಧವಾರ.
ಸೆಲ್ಲಿನ ಮೂಲೆ ಹಿಡಿದು ಕೆಳಕ್ಕೆಳೆದೆ, ದಿನಗಳು ಬಿಚ್ಚಿಕೊಂಡವು.
ಆರಿದ್ರೆಯೊಳಗೆ ಸಿಕ್ಕ ಸೋಮವಾರ ಎರಡು:
ಜೂನ್ ಇಪ್ಪತ್ತೇಳು, ಜುಲೈ ನಾಲ್ಕು.
ಮೊದಲನೆಯದಾದರೆ ಇನ್ನೊಂದು ತಿಂಗಳ ಸಂಬಳ,
ಎರಡನೆಯದಾದರೆ ಎರಡು.
“ಯಾವ ಸೋಮವಾರ ಅಂತ ಕೇಳೋಕೆ ಅವ್ವ ಇಲ್ಲ,”
ನಕ್ಕು, “ಅಳಿಸ್ಬಿಡಿ” ಎಂದರು.

ಮೇ ಮೂವತ್ತೊಂದರ ಮಧ್ಯಾಹ್ನ ಶಾಲು ಹೊದಿಸಿದೆವು.
ಬದಲಿ ಡ್ರೈವರು ಬರಲಿಲ್ಲ.
ಶಾಲನ್ನು ಸೀಟಿನ ಬೆನ್ನಿಗೆ ಇಳಿಬಿಟ್ಟು ಅವರೇ ಹೊರಟರು.
ವಾಪಸು ಉಡುಪಿ ಬಿಟ್ಟದ್ದು ೨೧:೪೦.
ಶಿವಮೊಗ್ಗ ಮುಟ್ಟಿದ್ದು ೩:೧೦.

ಕಳೆದೆ.
########
ಕಾಲಂ ಅಗಲಿಸಿದೆ.
##############
ಹೊರಡುವ ಮೊದಲೇ ಬಂದು ಮುಟ್ಟಿದ ಮನುಷ್ಯನನ್ನು
ಅದು ನಂಬುವುದಿಲ್ಲ.

ಹುಲಿಕಲ್ ಘಾಟಿಯಲ್ಲೆಲ್ಲೋ ಹನ್ನೆರಡು ಹೊಡೆದಿರಬೇಕು.
ಕೆಳಗಿನ ತಿರುವಿನಲ್ಲಿ ಡ್ರೈವರು, ಮೇಲಿನದರಲ್ಲಿ ನಿವೃತ್ತ,
ನಡುವೆ ಎರಡನೇ ಗೇರು,
ಹಿಂದೆ ಬಾಯ್ದೆರೆದು ಮಲಗಿದ ಮೂವತ್ತೆಂಟು ಜನ.

ಸೂತ್ರ ಬದಲಿಸಿದೆ:
ಒಂದರಿಂದ ಭಾಗಿಸು, ಶೇಷ ಮಾತ್ರ ಕೊಡು.
ಐದೂವರೆ ಗಂಟೆ ಉಳಿಯಿತು.
ಓಟಿಗೆ ಸೇರಿಸಿದೆ.

ತಾರೀಕಿನ ಸೆಲ್ಲು ಇನ್ನೂ ಖಾಲಿ.
ಯಾವ ದಿನದ ಲೆಕ್ಕಕ್ಕೆ ಬರೆಯಲಿ ಈ ಡ್ಯೂಟಿ?
ಆಡಿಟ್ಟಿನವರು ಬಂದಾಗ ಕೇಳಿಕೊಳ್ಳಲಿ,
ಜೂನ್ ಒಂದು ಎಂದು ಟೈಪಿಸಿದೆ.
ಮೇಷ್ಟ್ರು ಕೊಟ್ಟ ಹುಟ್ಟಿದಬ್ಬ,
ಅವತ್ತಾದರೂ ಅವರ ಹೆಸರಿಗೆ ಒಂದಿಷ್ಟು ಗಂಟೆ ಇರಲಿ.